ಒಂದು ಹೆಬ್ಬೆಟ್ಟಿನ ಗುರುತು ಮತ್ತು ಬಸ್ ಅಪಘಾತ ಪರಿಹಾರದ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಕಪ್ಪು ಹಲಗೆಯ ಮೇಲೆ ನಾನು ಬರೆಯುತ್ತಿದ್ದ ಸಾಲುಗಳು ಎಡದಿಂದ ಬಲಕ್ಕೆ ಹೋದಂತೆ ಕೆಳಕ್ಕಿಳಿಯುತ್ತಿದ್ದವು. ಮೊಘಲ್ ಸಾಮ್ರಾಜ್ಯದ ಅವನತಿಯನ್ನು ಮೇಷ್ಟ್ರು ಅಕ್ಷರದಲ್ಲೇ ತೋರಿಸುತ್ತಾರೆಂದು ಹಿಂದಿನ ಬೆಂಚಿನವರು ನಗುತ್ತಿದ್ದುದೂ ನನ್ನ ಕಿವಿಗೆ ಬಿದ್ದಿತ್ತು. ಅದಕ್ಕೆ ಕಾರಣ 1978ರ ಕಾರ್ತಿಕ ಮಾಸದಲ್ಲಿ ಮುರಿದ ನನ್ನ ಬಲ ಮೊಣಕೈ. ಕಳೆದ ತಿಂಗಳು ಶಿಷ್ಯನೊಬ್ಬನು ದೂರವಾಣಿ ಮಾಡಿ, ತನ್ನ ತಂದೆಯವರು ಬಸ್ ಅಪಘಾತದಲ್ಲಿ ಗಾಯಗೊಂಡಿರುವುದನ್ನು ತಿಳಿಸಿ, "ಪರಿಹಾರ ಕೇಳುವುದು ಸರಿಯೇ ಸಾರ್, ಜನ ಏನೆನ್ನುತ್ತಾರೋ" ಎಂದು ಸಂಕೋಚದಿಂದ ಕೇಳಿದನು. ಅವನಿಗೆ ಹೇಳಿದ್ದನ್ನು ಮತ್ತು ಅವನಿಗೂ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚರಿತ್ರೆ. ನಮ್ಮ ದೇಶದಲ್ಲಿ ಅಪಘಾತಕ್ಕೆ ಪರಿಹಾರ ಕೇಳುವ ಹಕ್ಕನ್ನು ಬರೆದಿಟ್ಟ ಮೊದಲ ಮುಖ್ಯ ಕಾಯಿದೆ 1855ರ ಮಾರಕ ಅಪಘಾತಗಳ ಕಾಯಿದೆ. ಇಂಗ್ಲೆಂಡಿನಲ್ಲಿ 1846ರಲ್ಲಿ ಬಂದ, ಲಾರ್ಡ್ ಕ್ಯಾಂಪ್‌ಬೆಲ್‌ನ ಹೆಸರಿನಿಂದ ಕರೆಯಲ್ಪಡುವ ಕಾಯಿದೆಯ ಪಡಿಯಚ್ಚು ಅದು. ಆಗ ಭಾರತದಲ್ಲಿ ಮೋಟಾರು ಗಾಡಿಯಿರಲಿಲ್ಲ. ಬೊಂಬಾಯಿಯಿಂದ ಠಾಣೆಗೆ ಪ್ರಯಾಣಿಕರ ರೈಲು ಓಡಿ ಎರಡು ವರ್ಷವಷ್ಟೇ ಆಗಿದ್ದಿತು. ಈ ಕಾಯಿದೆ ಸತ್ತವರ ಹೆಂಡತಿ, ಗಂಡ, ತಂದೆತಾಯಿ ಮತ್ತು ಮಕ್ಕಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕೈಕಾಲು ಮುರಿದುಕೊಂಡು ಬದುಕಿ ಉಳಿದವನು ಸಾಮಾನ್ಯ ಸಿವಿಲ್ ನ್ಯಾಯಾಲಯದಲ್ಲಿ, ಕೇಳಿದ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಿ, ದಾವೆ ಹೂಡಬೇಕಾಗಿತ್ತು. 1908ರ ಕಾಲಮಿತಿ ಕಾಯಿದೆಯಂತೆ ಅದಕ್ಕೆ ದೊರೆಯುತ್ತಿದ್ದುದು ಒಂದು ವರ್ಷ. ಆಸ್ಪತ್ರೆಯಿಂದ ಹೊರಬರುವುದರೊಳಗೆ ಅದರಲ್ಲಿ ಎಷ್ಟೋ ಭಾಗ ಕಳೆದಿರುತ್ತಿತ್ತು.

1939ರ ಮೋಟಾರು ವಾಹನಗಳ ಕಾಯಿದೆ ಮೂರನೆಯ ವ್ಯಕ್ತಿಯ ವಿಮೆಯನ್ನು ಕಡ್ಡಾಯ ಮಾಡಿತಾದರೂ ಆ ಅಧ್ಯಾಯವು ಜಾರಿಗೆ ಬಂದದ್ದು 1946ರ ಜುಲೈ 1ರಂದು. ಹಣ ಕೊಡುವವರು ಸಿಕ್ಕರು. ಕೊಡಿಸುವ ದಾರಿ ಮಾತ್ರ ಹಳೆಯದೇ ಆಗಿ ಉಳಿಯಿತು. 1956ರ ತಿದ್ದುಪಡಿಯಲ್ಲಿ 110ನೆಯ ಕಲಮು ಮತ್ತು ಅದರ ಮುಂದಿನ ಉಪಕಲಮುಗಳು ಸೇರಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಹುಟ್ಟಿದವು. ದಾವೆಯ ಬದಲು ಅರ್ಜಿ, ಸಂಕ್ಷಿಪ್ತ ವಿಚಾರಣೆ. ಆದರೆ 1978ರ ಹೊತ್ತಿಗಿದ್ದ ನಿಯಮದಂತೆ ಅರ್ಜಿ ಆರು ತಿಂಗಳೊಳಗೆ ಬರಬೇಕು. ತಡವಾದರೆ ಸಾಕಷ್ಟು ಕಾರಣವಿದೆಯೆಂದು ಮಂಡಳಿಗೆ ಮನವರಿಕೆ ಮಾಡಿಕೊಡಬೇಕು. ಈ ಆರು ತಿಂಗಳನ್ನು ನೆನಪಿನಲ್ಲಿಡಿ.

ಇನ್ನು ನನ್ನ ಕಥೆ. ಅಂದು ನಾನು ಪಯಣಿಸುತ್ತಿದ್ದುದು ಒಂದು ಖಾಸಗಿ ಬಸ್ಸಿನಲ್ಲಿ. ಮಾಲೀಕರ ಹೆಸರು ಬೇಡ. ಬಲಬದಿಯ ಕಿಟಕಿಯ ಪಕ್ಕ ಕುಳಿತಿದ್ದೆ, ಕೈಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು. ಕೆರೆಯ ಏರಿಯ ಮೇಲೆ ಮುಂದಿನ ಟೈರು ಸಿಡಿಯಿತು. ಬಸ್ಸು ಬಲಕ್ಕೆ ವಾಲಿ, ಏರಿಯ ಕೆಳಗಿನ ಗದ್ದೆಗೆ ಮಗುಚಿಕೊಂಡಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ನನ್ನ ಮುಂದಿನ ಆಸನದಲ್ಲಿದ್ದವಳು ಪೇಟೆಯಲ್ಲಿ ಹೂ ಕಟ್ಟಿ ಮಾರುತ್ತಿದ್ದ ಒಬ್ಬ ಹೆಂಗಸು. ಸುಮಾರು ಮೂವತ್ತೈದು ವಯಸ್ಸು, ಗಂಡನಿಲ್ಲ, ಒಬ್ಬ ಮಗ. ಕಿಟಕಿಯ ತಗಡಿಗೆ ಸಿಕ್ಕಿ ಅವಳ ಎಡಗೈಯ ಎರಡು ಬೆರಳುಗಳು ಹೋದವು.

ಮೂರನೆಯ ವಾರ ಮಾಲೀಕರ ಕಡೆಯವನೊಬ್ಬನು ಹಣ್ಣಿನ ಚೀಲದೊಂದಿಗೆ ಆಸ್ಪತ್ರೆಗೆ ಬಂದನು. ಬಹಳ ವಿನಯವಂತ. ಹೂವಿನ ಹೆಂಗಸಿಗೆ ನಾನೂರು ರೂಪಾಯಿ ಎಣಿಸಿ ಕೊಟ್ಟು, "ಸಂದಾಯವಾಗಿದೆ" ಎಂಬರ್ಥದ ಎರಡು ಸಾಲುಗಳಿದ್ದ ಕಾಗದವೊಂದನ್ನು ಮುಂದಿಟ್ಟನು. ಅವಳು ನನ್ನ ಮುಖ ನೋಡಿದಳು. ಅವಳ ಮಗ ನಮ್ಮ ಶಾಲೆಯಲ್ಲೇ ಓದುತ್ತಿದ್ದನು. ಕೊಟ್ಟಷ್ಟು ಬರಲಿ, ಕೋರ್ಟು ಕಚೇರಿ ನಿನಗೆಲ್ಲಿ ಆಗುತ್ತದೆಯಮ್ಮ ಎಂದು ಹೇಳಿದವನು ನಾನೇ. ಅವಳು ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಬಲಗೈ ಪ್ಲಾಸ್ಟರಿನಲ್ಲಿದ್ದುದರಿಂದ ಎಡಗೈಯಲ್ಲಿ, ಒಂದನೆಯ ತರಗತಿಯ ಹುಡುಗನ ಹಾಗೆ. ಆ ಎರಡು ಸಾಲುಗಳು ಹಾಳೆಯ ಕೆಳಭಾಗದಲ್ಲಿದ್ದವು, ಮೇಲಿನ ಅರ್ಧ ಖಾಲಿಯಿತ್ತು. ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದ ನನಗೆ ಅದು ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು, ಕೇಳಲಿಲ್ಲ.

ನನಗೂ ಅವನು ಆರುನೂರು ಕೊಡಲು ಬಂದನು. ನಾನು ಒಪ್ಪಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ವಕೀಲರಾಗಿದ್ದ ನನ್ನ ಸೋದರಮಾವನವರ ಸ್ನೇಹಿತರು 1979ರ ಏಪ್ರಿಲ್‌ನಲ್ಲಿ, ಅಂದರೆ ಆರು ತಿಂಗಳು ತುಂಬುವ ಮೊದಲು, ಇಪ್ಪತ್ತೈದು ಸಾವಿರ ಕೋರಿ ನನ್ನ ಅರ್ಜಿ ಹಾಕಿದರು.

ಆ ಕಾಲದಲ್ಲಿ ಕಾನೂನು ಎಲ್ಲಿ ನಿಂತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ವಿಮೆ ಕಡ್ಡಾಯವಾಗಿದೆ, ಗಾಡಿ ಮನುಷ್ಯನನ್ನು ಗಾಯಗೊಳಿಸಿದೆ, ಆದ್ದರಿಂದ ಪರಿಹಾರ ಬರಬೇಕು ಎಂದು ನೀವು ತಿಳಿಯಬಹುದು. ಆದರೆ 1977ರಲ್ಲಿ ಸುಪ್ರೀಂ ಕೋರ್ಟ್, ಚಾಲಕನ ಅಥವಾ ಮಾಲೀಕನ ನಿರ್ಲಕ್ಷ್ಯ ಸಾಬೀತಾಗದೆ ಹೊಣೆಯಿಲ್ಲ ಎಂದು ತೀರ್ಮಾನಿಸಿತ್ತು. ಅದೇ ತೀರ್ಪಿನಲ್ಲಿ ನಮ್ಮಂಥವರಿಗೆ ಒಂದು ಆಸರೆಯೂ ಇದ್ದಿತು: ಗಾಡಿಯ ದೋಷದಿಂದ ಅಪಘಾತವಾಯಿತೆಂದು ಮಾಲೀಕನು ಹೇಳುವುದಾದರೆ, ಆ ದೋಷ ಗುಪ್ತವಾಗಿತ್ತು, ತಕ್ಕ ಎಚ್ಚರಿಕೆ ವಹಿಸಿದ್ದರೂ ಕಂಡುಬರುತ್ತಿರಲಿಲ್ಲ ಎಂಬುದನ್ನು ಅವನೇ ಸಾಬೀತುಪಡಿಸಬೇಕು. ನಮ್ಮ ಬಸ್ಸಿನ ಮಾಲೀಕರು ಕೊಟ್ಟ ಉತ್ತರ ಟೈರು ಸಿಡಿತವೇ. ದೈವಾಧೀನ ಎಂಬುದು ಅವರ ವಾದ.

1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪೊಂದು ಬಂದಿತು. ರಾತ್ರಿಯ ವೇಳೆ ಬಸ್ಸೊಂದು ಜೋತುಬಿದ್ದ ವಿದ್ಯುತ್ ತಂತಿಗೆ ತಗುಲಿ ಎಂಟು ಜನ ಸ್ಥಳದಲ್ಲೇ ಸತ್ತಿದ್ದ ಪ್ರಕರಣವದು. ಕ್ರಿಮಿನಲ್ ಮೊಕದ್ದಮೆಯಲ್ಲಿ ಚಾಲಕ ಬಿಡುಗಡೆಯಾಗಿದ್ದನು. ಆದರೂ ಪರಿಹಾರದ ಪ್ರಶ್ನೆಯೇ ಬೇರೆ, ಸಂದರ್ಭದಿಂದಲೇ ತಪ್ಪನ್ನು ಊಹಿಸಬಹುದಾದಲ್ಲಿ ಊಹಿಸಬೇಕು, ಗಾಯಾಳುಗಳನ್ನು ಸೂಕ್ಷ್ಮ ತಾಂತ್ರಿಕತೆಗೆ ಬಲಿಕೊಡಬಾರದು ಎಂಬುದು ಅದರ ಸಾರ. ನಮ್ಮ ವಕೀಲರು ಅದರ ಪ್ರತಿಯನ್ನು ಕೈಬರಹದಲ್ಲಿ ನಕಲು ಮಾಡಿಸಿ ತಂದಿದ್ದರು. ಆಗ ಜೆರಾಕ್ಸ್ ಯಂತ್ರ ನಮ್ಮ ಊರಿಗೆ ಬಂದಿರಲಿಲ್ಲ.

1981ರಲ್ಲಿ ನನ್ನ ಪಾಟೀಸವಾಲು ನಡೆಯಿತು. ನಿದ್ರೆ ಮಾಡುತ್ತಿದ್ದಿರಾ? ಇಲ್ಲ. ಮೊಣಕೈ ಕಿಟಕಿಯ ಹೊರಗಿತ್ತಲ್ಲವೇ? ಕಟ್ಟೆಯ ಮೇಲಿತ್ತು. ಈ ಪ್ರಶ್ನೆ ಆಗಿನ ಬಸ್ ಪ್ರಕರಣಗಳಲ್ಲಿ ಗಾಯತ್ರಿ ಮಂತ್ರದಂತೆ ಬರುತ್ತಿತ್ತು. ಸೆಕೆಯ ದೇಶದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕೈಯೂರಿ ಕೂರುವುದು ಪ್ರಯಾಣಿಕರ ಸಹಜ ಅಭ್ಯಾಸ, ಚಾಲಕನು ಅದನ್ನು ತಿಳಿದೇ ಓಡಿಸಬೇಕು ಎಂದು ಮಧ್ಯಪ್ರದೇಶ ಹೈಕೋರ್ಟ್ 1970ರ ದಶಕದಲ್ಲೇ ಹೇಳಿತ್ತೆಂದು ನಮ್ಮ ವಕೀಲರು ಎದ್ದು ವಾದಿಸಿದರು.

ಆಮೇಲೆ ಎದುರು ವಕೀಲರು ಒಂದು ಕಾಗದ ತೆಗೆದರು. ಅದೇ ಹಾಳೆ. ಆದರೆ ಖಾಲಿಯಿದ್ದ ಮೇಲರ್ಧದಲ್ಲಿ ಈಗ ಬರಹವಿತ್ತು: ಏರಿಯ ಮೇಲೆ ಎಮ್ಮೆಯೊಂದು ಅಡ್ಡಬಂದು ಅಪಘಾತವಾಯಿತೆಂದೂ ಚಾಲಕನದು ಯಾವ ತಪ್ಪೂ ಇಲ್ಲವೆಂದೂ. ಕೆಳಗೆ ಹೆಬ್ಬೆಟ್ಟು, ಪಕ್ಕದಲ್ಲಿ ನನ್ನ ಎಡಗೈ ಸಹಿ. "ಈ ಸಹಿ ನಿಮ್ಮದೇ?"

ಉತ್ತರಿಸುವ ಮೊದಲೇ ಮಧ್ಯಾಹ್ನದ ವಿರಾಮ ಬಂದಿತು. ಹೊರಗೆ ಹುಣಸೆಮರದ ಕೆಳಗೆ ಗುಮಾಸ್ತರೊಬ್ಬರು ಪಿಸುಗುಟ್ಟಿದರು: "ಅಲ್ಲ ಎಂದುಬಿಡಿ ಮೇಷ್ಟ್ರೇ. ನಿಮ್ಮ ಸಹಿಗೂ ಅದಕ್ಕೂ ಸಂಬಂಧವೇ ಇಲ್ಲ, ಯಾರು ನಂಬುತ್ತಾರೆ?" ನಿಜವಾಗಿಯೂ ಸುಲಭವಿತ್ತು. ಆ ಅರ್ಧ ಗಂಟೆ ನಾನು ಊಟ ಮಾಡಲಿಲ್ಲ. ಮತ್ತೆ ಕಟಕಟೆ ಹತ್ತಿ, ಸಹಿ ನನ್ನದೇ, ಮೇಲಿನ ಬರಹ ಅಂದು ಇರಲಿಲ್ಲ, ಖಾಲಿ ಜಾಗವಿದ್ದುದನ್ನು ನೋಡಿಯೂ ಸಹಿ ಹಾಕಿದೆ ಎಂದು ಹೇಳಿದೆ. ಹೂವಿನ ಹೆಂಗಸನ್ನೂ ಮುಂದಿನ ದಿನಾಂಕಕ್ಕೆ ಸಾಕ್ಷಿಗೆ ಕರೆಸಿದರು. ಓದಿ ಹೇಳಿದ್ದರೇ ಎಂದು ಕೇಳಿದಾಗ ಅವಳು, "ಮೇಷ್ಟ್ರು ಇದ್ದರಲ್ಲ ಸ್ವಾಮಿ, ಅದಕ್ಕೇ ಒತ್ತಿದೆ" ಎಂದಳು. ಅವಳು ನನ್ನನ್ನು ದೂರಿರಲಿಲ್ಲ, ಸಂಗತಿಯನ್ನು ಹೇಳಿದ್ದಳು.

ಆ ಕಾಗದವೇ ಮಾಲೀಕರನ್ನು ಕೆಡವಿತು. ಲಿಖಿತ ಉತ್ತರದಲ್ಲಿ ಟೈರು, ಕಾಗದದಲ್ಲಿ ಎಮ್ಮೆ. ಎರಡೂ ಒಟ್ಟಿಗೆ ನಿಲ್ಲಲಾರವೆಂದು ನ್ಯಾಯಮಂಡಳಿ ಬರೆಯಿತು. 1982ರ ಫೆಬ್ರವರಿಯಲ್ಲಿ ನನಗೆ ಎಂಟು ಸಾವಿರದ ಐನೂರು ರೂಪಾಯಿ, ಶೇಕಡಾ 6ರ ಬಡ್ಡಿ. ನನಗೆ ರಜೆಯ ಸಂಬಳ ಬಂದಿದ್ದುದರಿಂದ ಆದಾಯ ನಷ್ಟದ ಬಾಬ್ತು ಏನೂ ಇಲ್ಲ. ಬಸ್ಸಿನ ಪ್ರಯಾಣಿಕನ ಮಟ್ಟಿಗೆ ವಿಮೆಯ ಹೊಣೆಗೆ ಅಂದು ಕೆಲವೇ ಸಾವಿರದ ಮಿತಿಯಿದ್ದಿತು; ಅಷ್ಟನ್ನು ವಿಮೆಯವರು ಕಟ್ಟಿದರು, ಉಳಿದುದಕ್ಕೆ ಮಾಲೀಕರ ಹಿಂದೆ 1984ರವರೆಗೆ ಅಲೆದೆ.

ಹೂವಿನ ಹೆಂಗಸಿನ ಪರವಾಗಿ ನಾನೇ ಮುಂದೆ ನಿಂತು, ವಿಳಂಬವನ್ನು ಮನ್ನಿಸಬೇಕೆಂಬ ಕೋರಿಕೆಯೊಂದಿಗೆ 1981ರ ಕೊನೆಯಲ್ಲಿ ಅರ್ಜಿ ಹಾಕಿಸಿದೆ. ಮೂರು ವರ್ಷದ ತಡಕ್ಕೆ ಸಾಕಷ್ಟು ಕಾರಣವಿಲ್ಲ, ಹಣವನ್ನೂ ಪಡೆದಿದ್ದಾರೆ ಎಂದು ಅದು ವಜಾ ಆಯಿತು. ಹೈಕೋರ್ಟಿಗೆ ಹೋಗೋಣವೆಂದೆ. ಬೆಂಗಳೂರಿಗೆ ಯಾರು ಬರುತ್ತಾರೆ ಎಂದು ಅವಳು ಎದ್ದು ಹೋದಳು.

ಅದೇ ವರ್ಷ ಅಕ್ಟೋಬರ್ 1ರಿಂದ ಕಾನೂನು ತಿರುಗಿತು. ತಪ್ಪು ಯಾರದೆಂದು ಕೇಳದೆ ಸಾವಿಗೆ 15,000, ಶಾಶ್ವತ ಅಂಗವಿಕಲತೆಗೆ 7,500 ರೂಪಾಯಿ ಕೊಡಬೇಕೆಂಬ 92-ಎ ಕಲಮು ಸೇರಿತು. 1988ರ ಹೊಸ ಕಾಯಿದೆಯಲ್ಲಿ ಅದು 25,000 ಮತ್ತು 12,000 ಆಗಿ, 1994ರಲ್ಲಿ ದುಪ್ಪಟ್ಟಿನಷ್ಟಾಯಿತು. ಆರು ತಿಂಗಳ ಕಾಲಮಿತಿಯನ್ನೂ 1994ರಲ್ಲಿ ತೆಗೆದುಹಾಕಿದರು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಪಾಠ ಸರಿಯಾಗಿ ಮಾಡಲಿಲ್ಲ.

ಈ ಚರಿತ್ರೆಯಲ್ಲಿ ಕನ್ನಡ ನಾಡಿನವರ ಪಾಲು ದೊಡ್ಡದೆಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು 1987ರಲ್ಲಿ ಗುಜರಾತಿನ ಸಾರಿಗೆ ಸಂಸ್ಥೆಯ ಪ್ರಕರಣವೊಂದರಲ್ಲಿ, ಸತ್ತ ಹುಡುಗನ ಸಹೋದರರೂ ಪರಿಹಾರ ಕೇಳಬಹುದು ಎಂದರು. 1855ರ ಕಾಯಿದೆಯ ಆ ಪುಟ್ಟ ಪಟ್ಟಿ ನಮ್ಮ ಅವಿಭಕ್ತ ಕುಟುಂಬಗಳಿಗೆ ಒಗ್ಗದು ಎಂಬುದು ಅವರ ತರ್ಕ. ಮುಂದೆ ಎಂ. ಎನ್. ವೆಂಕಟಾಚಲಯ್ಯನವರು ಕೇರಳದ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ, ವಾರ್ಷಿಕ ನಷ್ಟವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವ ಪದ್ಧತಿಯೇ ಸರಿಯೆಂದು ಎತ್ತಿಹಿಡಿದರು. ಕರ್ನಾಟಕ ಹೈಕೋರ್ಟಿನಿಂದ ಹೋದ ಆರ್. ವಿ. ರವೀಂದ್ರನ್ ಅವರು 2009ರಲ್ಲಿ ದೆಹಲಿಯ ಬಸ್ಸಿನ ಪ್ರಕರಣವೊಂದರಲ್ಲಿ ಆ ಗುಣಕಗಳಿಗೆ ಪಟ್ಟಿ ಕಟ್ಟಿದರು. 31ರಿಂದ 35 ವಯಸ್ಸಿಗೆ 16, 65 ದಾಟಿದವರಿಗೆ 5. 2010ರಲ್ಲಿ ಅವರೇ ಗಾಯಾಳುಗಳ ವಿಷಯದಲ್ಲಿ ಇನ್ನೊಂದು ಮಾತು ಸ್ಪಷ್ಟಪಡಿಸಿದರು: ವೈದ್ಯರು ಬರೆದ ಶೇಕಡಾವಾರು ಊನವೇ ಗಳಿಕೆಯ ನಷ್ಟವಲ್ಲ, ಆ ಮನುಷ್ಯನು ಯಾವ ಕೆಲಸ ಮಾಡುತ್ತಿದ್ದನು, ಈಗ ಏನು ಮಾಡಬಲ್ಲನು ಎಂಬುದನ್ನು ನೋಡಬೇಕು.

ಅದನ್ನು ಓದಿದ ರಾತ್ರಿ ನಾನೊಂದು ಲೆಕ್ಕ ಹಾಕಿದೆ. ಹೂ ಕಟ್ಟುವವಳಿಗೆ ಎರಡು ಬೆರಳು ಹೋದರೆ ಅರ್ಧ ಗಳಿಕೆ ಹೋಯಿತೆನ್ನೋಣ. ದಿನಕ್ಕೆ ನಾಲ್ಕು ರೂಪಾಯಿಯಂತೆ ತಿಂಗಳಿಗೆ 120, ವರ್ಷಕ್ಕೆ 1,440. ಅದರ ಅರ್ಧ 720. ಹದಿನಾರರಿಂದ ಗುಣಿಸಿದರೆ 11,520. ನೋವು, ಔಷಧ ಇವು ಬೇರೆ. ನನ್ನ ಓರೆ ಅಕ್ಷರಕ್ಕೆ ಬಂದದ್ದಕ್ಕಿಂತ ಹೆಚ್ಚು. ಅವಳ ಕೈಗೆ ಬಂದದ್ದು ನಾನೂರು.

ಸರ್ಕಾರಿ ಬಸ್ಸುಗಳ ವಿಷಯವನ್ನೂ ಶಿಷ್ಯನು ಕೇಳಿದ್ದನು. ನಮ್ಮಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಆರಂಭವಾಗಿ, 1961ರಲ್ಲಿ ನಿಗಮವಾಯಿತು. ಇಂಥ ನಿಗಮಗಳು ಪ್ರತ್ಯೇಕ ನಿಧಿ ಇಟ್ಟುಕೊಂಡರೆ ವಿಮೆಯಿಂದ ವಿನಾಯಿತಿ ಪಡೆಯಬಹುದು. ಆಗ ಪರಿಹಾರವನ್ನು ತಾವೇ ಕಟ್ಟಬೇಕು. ಹಣ ಬಾರದಿದ್ದಾಗ ಅಮೀನರು ನಿಲ್ದಾಣಕ್ಕೇ ಬಂದು ಬಸ್ ಜಪ್ತಿ ಮಾಡಿದ ಸುದ್ದಿಯನ್ನು ನೀವೆಲ್ಲ ಓದಿರುತ್ತೀರಿ. ಪಾಪ, ಟಿಕೆಟ್ ತೆಗೆದುಕೊಂಡು ಕುಳಿತವರು ಇಳಿಯಬೇಕು!

ಇನ್ನೊಂದು ಮುಖ್ಯ ಸಂಗತಿ. 2019ರ ತಿದ್ದುಪಡಿಯಲ್ಲಿ ಪರಿಹಾರಕ್ಕೆ ಸಂಬಂಧಿಸಿದ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ತಪ್ಪಿನ ಪ್ರಶ್ನೆಯಿಲ್ಲದೆ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಎಂದಾಯಿತು. ಜೊತೆಗೆ, 1994ರಲ್ಲಿ ಹೋಗಿದ್ದ ಆ ಆರು ತಿಂಗಳ ಮಿತಿಯೂ ಮರಳಿ ಬಂದಿತು. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಅದು ಏನೇ ಇರಲಿ, ಅಪಘಾತದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆರು ತಿಂಗಳೊಳಗೆ ಅರ್ಜಿ ಹಾಕಿಸು, ಖಾಲಿ ಜಾಗವಿರುವ ಯಾವ ಕಾಗದಕ್ಕೂ ತಂದೆಯವರ ಸಹಿ ಮಾಡಿಸಬೇಡ ಎಂದು ಶಿಷ್ಯನಿಗೆ ಹೇಳಿದೆ. ಕೇಳುವುದು ಭಿಕ್ಷೆಯಲ್ಲ, ಸಂಕೋಚ ಬೇಡ ಎಂದೂ ಹೇಳಿದೆ.

1984ರಲ್ಲಿ ಉಳಿದ ಹಣ ಬಂದ ವಾರ ಎರಡು ಸಾವಿರ ರೂಪಾಯಿಗಳನ್ನು ಲಕೋಟೆಯಲ್ಲಿಟ್ಟುಕೊಂಡು ಹೂವಿನ ಹೆಂಗಸಿನ ಮನೆ ಹುಡುಕಿಕೊಂಡು ಹೋಗಿದ್ದೆ. ಬೀಗ ಹಾಕಿತ್ತು. ಮಗ ಓದು ಬಿಟ್ಟು ಕಾಫಿ ಸೀಮೆಯ ತೋಟವೊಂದರಲ್ಲಿ ಕೆಲಸಕ್ಕೆ ಸೇರಿ, ತಾಯಿಯನ್ನೂ ಕರೆದುಕೊಂಡು ಹೋದನೆಂದು ಪಕ್ಕದ ಮನೆಯವರು ಹೇಳಿದರು. ಯಾವ ತೋಟವೆಂದು ಅವರಿಗೆ ತಿಳಿದಿರಲಿಲ್ಲ. ಶಾಲೆಯ ದಾಖಲೆಯಲ್ಲಿ ವರ್ಗಾವಣೆ ಪತ್ರವನ್ನು ಯಾರೂ ಕೇಳಿ ಪಡೆದಿರಲಿಲ್ಲ.