ಎರೆನಾಡಿನ ಬೇಟೆಪ್ರಾಣಿಗಳು: ಗಾತ್ರ ಮತ್ತು ಭಯ

ಆಳಂದ ತಾಲ್ಲೂಕಿನ ಗಡಿಭಾಗದ ಖಜೂರಿಯಿಂದ ಅಫಜಲಪುರ, ಜೇವರ್ಗಿಗಳವರೆಗೆ ಹರಡಿರುವ ಭೀಮಾ ತೀರದ ಎರೆಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣಿನ ಬಯಲು, ದಟ್ಟ ಕಾಡಿನ ಸೀಮೆಯಲ್ಲ. ಜೋಳ, ತೊಗರಿಯ ಹೊಲಗಳೂ ಅವುಗಳ ನಡುವಣ ಹುಲ್ಲುಗಾವಲುಗಳೂ ಕುರುಚಲು ದಿಬ್ಬಗಳೂ ಸೇರಿ ರೂಪುಗೊಂಡ ಇಂಥ ನೆಲದಲ್ಲಿ ಜನರು ದಿನನಿತ್ಯ ಎದುರಿಸಿದ ಮುಖ್ಯ ಬೇಟೆಪ್ರಾಣಿ ತೋಳವೇ ಹೊರತು ಹುಲಿಯಲ್ಲ. ಆದರೆ ಕನ್ನಡ ನಾಡಿನ ಶಿಲ್ಪ ಮತ್ತು ಬೇಟೆಯ ದಾಖಲೆಗಳಲ್ಲಿ ಮನುಷ್ಯನ ಎದುರಾಳಿಯಾಗಿ ನಿಂತದ್ದು ಬಹುಮಟ್ಟಿಗೆ ಹುಲಿಯೇ. ಪ್ರಾಣಿಯ ಗಾತ್ರಕ್ಕೂ ಅದು ಹುಟ್ಟಿಸಿದ ಭಯಕ್ಕೂ ಅದರಿಂದ ಆದ ನಷ್ಟಕ್ಕೂ ನೇರ ಸಂಬಂಧವಿರಲಿಲ್ಲ ಎಂಬುದಕ್ಕೆ ಈ ಬಯಲುಸೀಮೆಯ ಇತಿಹಾಸವೇ ಸಾಕ್ಷಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪೋಷಕಾಂಶ ಶಿಫಾರಸುಗಳಲ್ಲಿ ಮಾದರಿ ಪುರುಷನ ತೂಕ 65 ಕೆಜಿ, ಮಹಿಳೆಯ ತೂಕ 55 ಕೆಜಿ. ಇದರೊಡನೆ ಹೋಲಿಸಿದರೆ ಬೆಳೆದ ಗಂಡು ಹುಲಿ 200 ಕೆಜಿಯ ಆಸುಪಾಸಿನಲ್ಲಿದ್ದು ಮೂವರು ಗಂಡಸರಿಗೆ ಸಮನಾಗುತ್ತದೆ. ಗಂಡು ಚಿರತೆ ಸಾಮಾನ್ಯವಾಗಿ 50ರಿಂದ 70 ಕೆಜಿ ತೂಗಿ ಒಬ್ಬ ಮನುಷ್ಯನಿಗೆ ಸರಿದೂಗುತ್ತದೆ. ಕತ್ತೆಕಿರುಬ 30ರಿಂದ 40 ಕೆಜಿಯಷ್ಟಿದ್ದರೆ, ಭಾರತೀಯ ತೋಳ ಕೇವಲ 20 ಕೆಜಿಯ ಸುತ್ತಮುತ್ತ ಇದ್ದು ಮನುಷ್ಯನ ಮೂರನೆಯ ಒಂದು ಪಾಲಿನಷ್ಟೇ ಆಗುತ್ತದೆ.

ಶಿಲ್ಪಿಗಳು ಈ ಪ್ರಮಾಣವನ್ನು ಯಥಾವತ್ತಾಗಿ ಕಡೆಯಲಿಲ್ಲ. ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳಾದ ವೀರಗಲ್ಲುಗಳಲ್ಲಿ ಹುಲಿಯೊಡನೆ ಸೆಣಸಿದವರದೂ ಒಂದು ವರ್ಗವಿದ್ದು, ಅಂಥ ಅನೇಕ ಕಲ್ಲುಗಳಲ್ಲಿ ಹುಲಿ ಹಿಂಗಾಲುಗಳ ಮೇಲೆದ್ದು ವೀರನ ಮುಖಕ್ಕೆ ಮುಖ ಕೊಟ್ಟು ನಿಂತಿರುತ್ತದೆ. ಬೇಲೂರಿನ ಹೊಯ್ಸಳ ಲಾಂಛನದಲ್ಲಿ ಮೇಲೆರಗುವ ಮೃಗದ ಮೈಕಟ್ಟು, ಐತಿಹ್ಯದಲ್ಲಿ ಆ ವಂಶದ ಮೂಲಪುರುಷನಾದ ಸಳನ ದೇಹವನ್ನೇ ಕುಗ್ಗಿಸುವಷ್ಟು ದೊಡ್ಡದು. ಎದುರಾಳಿ ಹಿರಿದಾದಷ್ಟೂ ಗೆದ್ದವನ ಅಥವಾ ಮಡಿದವನ ಹಿರಿಮೆಯೂ ಹೆಚ್ಚುತ್ತಿತ್ತಾದ್ದರಿಂದ ಇಲ್ಲಿ ಗಾತ್ರವೆಂಬುದು ಗೌರವದ ಲೆಕ್ಕವಾಗಿತ್ತು. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, 949-50ರ ಆತಕೂರು ಶಾಸನವೂ ಇದೇ ಮನೋಧರ್ಮದ್ದು: ಕಾಳಿ ಎಂಬ ಬೇಟೆನಾಯಿ ಹಿರಿಯ ಹಂದಿಯೊಂದರೊಡನೆ ಕಾದು, ಎರಡೂ ಸತ್ತದ್ದಕ್ಕೆ ಅಲ್ಲಿ ಕಲ್ಲು ನಿಲ್ಲಿಸಲಾಯಿತು. ತನಗಿಂತ ಭಾರವಾದ ಪ್ರಾಣಿಗೆ ಎದೆಗೊಟ್ಟದ್ದರಿಂದಲೇ ನಾಯಿಗೂ ವೀರನ ಪಟ್ಟ ದೊರಕಿತು.

ವಸಾಹತುಕಾಲದ ಬೇಟೆಗಾರರು ಅಳತೆಪಟ್ಟಿ ಹಿಡಿದರೂ ಉತ್ಪ್ರೇಕ್ಷೆ ನಿಲ್ಲಲಿಲ್ಲ. ಕೊಂದ ಹುಲಿಯನ್ನು ನೇರವಾಗಿ ಮಲಗಿಸಿ, ಮೂಗಿನ ತುದಿಗೊಂದು ಬಾಲದ ತುದಿಗೊಂದು ಗೂಟ ನೆಟ್ಟು, ಹುಲಿಯನ್ನು ಸರಿಸಿ ಗೂಟಗಳ ನಡುವಿನ ಅಂತರ ಅಳೆಯುವುದು ಒಂದು ವಿಧಾನ; ತಲೆ, ಹೆಗಲು, ಬೆನ್ನುಗಳ ಉಬ್ಬುತಗ್ಗುಗಳ ಮೇಲೆಯೇ ಪಟ್ಟಿ ಹಾಯಿಸುವುದು ಇನ್ನೊಂದು. ಎರಡನೆಯದರಲ್ಲಿ ಅದೇ ಹುಲಿ ಕೆಲವು ಅಂಗುಲ ಉದ್ದವಾಗುತ್ತಿದ್ದುದರಿಂದ ದಾಖಲೆ ಬಯಸಿದವರಿಗೆ ಅದೇ ಹಿತವಾಗಿತ್ತು. ಎರಡರಲ್ಲೂ ಬಾಲ ಲೆಕ್ಕಕ್ಕೆ ಸೇರುತ್ತಿತ್ತು; ಒಂಬತ್ತು ಅಡಿಯ ಹುಲಿಯಲ್ಲಿ ಸುಮಾರು ಮೂರು ಅಡಿ ಬಾಲವನ್ನು ಕಳೆದರೆ ಉಳಿಯುವ ಮೈ ಎತ್ತರದ ಗಂಡಸಿನ ಉದ್ದಕ್ಕಿಂತ ಹೆಚ್ಚೇನಲ್ಲ. ಹುಲಿಯ ಮೇಲುಗೈ ಇರುವುದು ಉದ್ದದಲ್ಲಲ್ಲ, ತೂಕದಲ್ಲಿ ಮತ್ತು ಸ್ನಾಯುಬಲದಲ್ಲಿ.

ಕುರಿಗಾರರಿಗೆ ಈ ಅಳತೆಗಳಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ರಾತ್ರಿ ಹಿಂಡನ್ನು ಕೂಡಿಹಾಕುವ, ಕುರಿ ತರುಬುವುದು ಎಂದು ಕರೆಯುವ ಪದ್ಧತಿಯಲ್ಲಿ ರೈತನಿಗೆ ಹಿಕ್ಕೆ, ಕುರುಬನಿಗೆ ಕಾಳು ಅಥವಾ ಹಣ ದೊರೆಯುತ್ತಿತ್ತು. ಬಯಲಲ್ಲಿ ಮಲಗುವ ಆ ಹಿಂಡೇ ತೋಳಕ್ಕೆ ಸುಲಭದ ಗುರಿಯೂ ಆಗಿತ್ತು. ದಖನಿ ತಳಿಯ ಕುರಿ 30 ಕೆಜಿಯ ಆಸುಪಾಸಿನದಾದ್ದರಿಂದ ತೋಳ ಹೊಂಚುತ್ತಿದ್ದುದು ತನಗಿಂತ ಭಾರವಾದ ಪ್ರಾಣಿಗೇ. ಜೋಡಿಯಾಗಿಯೋ ಗುಂಪಾಗಿಯೋ ಬಂದು ಹಿಂಡನ್ನು ಬೆದರಿಸಿ, ಒಡೆದುಹೋದದ್ದನ್ನು ಗಂಟಲಿಗೆ ಹಿಡಿಯುವ ಕ್ರಮ ಅದರ ತೂಕದ ಕೊರತೆಯನ್ನು ತುಂಬಿಕೊಡುತ್ತಿತ್ತು. ಬಲೆಯ ದಡ್ಡಿ, ಅಂದರೆ ಗೂಟಗಳಿಗೆ ಬಲೆ ಕಟ್ಟಿದ ಆವರಣ, ನಾಯಿ, ಬೆಂಕಿ ಮತ್ತು ಸರದಿಯ ಕಾವಲು ಇದಕ್ಕೆ ಕುರುಬರು ಕಂಡುಕೊಂಡ ಉತ್ತರಗಳು.

ಮನುಷ್ಯನ ಮೇಲಿನ ದಾಳಿಯಲ್ಲೂ ಸರಾಸರಿ ತೂಕ ನಿರ್ಣಾಯಕವಲ್ಲ. ನಿಂತ ಮನುಷ್ಯ ತೋಳಕ್ಕೆ ಎತ್ತರದ, ಅಪರಿಚಿತ ಆಕಾರ. ಕೂತವರು, ಬಾಗಿದವರು, ಮಕ್ಕಳು ಮಾತ್ರ ಅದರ ಬೇಟೆಯ ಅಳತೆಗೆ ಬರುತ್ತಾರೆ. 1996ರಲ್ಲಿ ಪೂರ್ವ ಉತ್ತರಪ್ರದೇಶದಲ್ಲಿ ತೋಳದ ದಾಳಿಗೆ ಸಿಕ್ಕವರು ಬಹುತೇಕ ಮಕ್ಕಳೇ. ಇದಕ್ಕೆ ವ್ಯತಿರಿಕ್ತವಾಗಿ, ತೋಳಕ್ಕಿಂತ ಎರಡು ಪಟ್ಟು ತೂಗುವ ಚೀತಾ ಮನುಷ್ಯರ ತಂಟೆಗೆ ಬರದ್ದರಿಂದಲೇ ಪಳಗಿಸಲ್ಪಟ್ಟು ಆಸ್ಥಾನಗಳಲ್ಲಿ ಕೃಷ್ಣಮೃಗಗಳ ಬೇಟೆಗೆ ಬಳಕೆಯಾಯಿತು. ಕೊಲ್ಹಾಪುರದ ಅರಸರು ಇಪ್ಪತ್ತನೆಯ ಶತಮಾನದಲ್ಲಿ ಆಫ್ರಿಕಾದಿಂದ ಚೀತಾಗಳನ್ನು ತರಿಸಿಕೊಂಡಿದ್ದರು. ಭಾರತದ ಚೀತಾ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು.

ಬ್ರಿಟಿಷ್ ಭಾರತದಲ್ಲಿ ಬಹುಮಾನ ಕೊಟ್ಟು ಬೇಟೆಪ್ರಾಣಿಗಳನ್ನು ಕೊಲ್ಲಿಸುವ ನೀತಿಯಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರ ನಡುವೆ 80,000ಕ್ಕೂ ಹೆಚ್ಚು ಹುಲಿಗಳೂ ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆಗಳೂ ಸುಮಾರು ಎರಡು ಲಕ್ಷ ತೋಳಗಳೂ ಹತವಾದವು. ಅತಿ ಹಗುರವಾದ ಪ್ರಾಣಿಯೇ ಈ ಲೆಕ್ಕದಲ್ಲಿ ಮುಂದಿದೆ, ಏಕೆಂದರೆ ಮನುಷ್ಯನ ಹೊಲ, ಹಟ್ಟಿಗಳಿಗೆ ಹತ್ತಿರ ಬದುಕಿದ್ದು ಅದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತೋಳಕ್ಕೂ ಹುಲಿಯಷ್ಟೇ ರಕ್ಷಣೆಯಿದೆ. ಆದರೆ ಹುಲಿಗೆ ಮೀಸಲು ಕಾಡುಗಳು ದೊರೆತಂತೆ ತೋಳದ ಹುಲ್ಲುಗಾವಲಿಗೆ ದೊರೆಯಲಿಲ್ಲ. ಆ ನೆಲ ಕಂದಾಯದ ಕಡತಗಳಲ್ಲಿ ಬೀಳು, ಗೋಮಾಳಗಳೆಂದೇ ಉಳಿದು ಸಾಗುವಳಿಗೆ ಕರಗುತ್ತ ಬಂದಿತು. ಎರೆನಾಡಿನಲ್ಲಿ ತೋಳ ಉಳಿಯುವುದು ಕುರಿಗಾರನ ನಷ್ಟಕ್ಕೆ ಸಕಾಲದಲ್ಲಿ ಪರಿಹಾರ ಸಿಗುವುದನ್ನೂ ಗೋಮಾಳಗಳು ಗೋಮಾಳಗಳಾಗಿಯೇ ಇರುವುದನ್ನೂ ಅವಲಂಬಿಸಿದೆ.