ಭಯವೂ ಹಗೆಯೂ

ಅಲಂಕಾರಶಾಸ್ತ್ರವನ್ನು ಬೋಧಿಸುತ್ತಿದ್ದ ದಿನಗಳಲ್ಲಿ ಭಯಾನಕಕ್ಕೆ ಭಯ ಸ್ಥಾಯಿ, ರೌದ್ರಕ್ಕೆ ಕ್ರೋಧ ಸ್ಥಾಯಿ ಎಂದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುತ್ತಿದ್ದೆ. ಒಂದು ಹಿಂದೆ ಸರಿಯುತ್ತದೆ, ಇನ್ನೊಂದು ಮೇಲೇರಿ ಹೋಗುತ್ತದೆ. ಆದರೆ ಲೋಕವ್ಯವಹಾರದಲ್ಲಿ ಭಯವು ಕ್ರೋಧವಾಗಲು ಹೆಚ್ಚು ಹೊತ್ತು ಬೇಡ. ಶಾರ್ಕ್ ಮೀನಿನೊಡನೆ ಮನುಷ್ಯನು ನಡೆದುಕೊಂಡ ಚರಿತ್ರೆ ಇದಕ್ಕೊಂದು ನಿದರ್ಶನ.

ಉತ್ತರದ ತಂಪು ನೀರಿನಲ್ಲಿ ಶಾರ್ಕ್ ಬದುಕಿರುವ ಮನುಷ್ಯನ ಮೇಲೆ ಬೀಳುವುದುಂಟೆ ಎಂದು ವಿದ್ವಾಂಸರೇ ಸಂಶಯಪಡುತ್ತಿದ್ದ ಕಾಲವೊಂದಿತ್ತು. 1916ರ ಜುಲೈ 1ರಿಂದ 12ರವರೆಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ನಾಲ್ವರು ಶಾರ್ಕಿನ ಬಾಯಿಗೆ ಸಿಕ್ಕಿ ಮಡಿದರು. ಸಂಶಯ ಅಳಿಯಿತು, ಜನ ಬಂದೂಕು, ಡೈನಮೈಟು ಹಿಡಿದು ಸಿಕ್ಕಿದ ಶಾರ್ಕನ್ನೆಲ್ಲ ಕೊಲ್ಲತೊಡಗಿದರು. 1974ರಲ್ಲಿ ಪೀಟರ್ ಬೆಂಚ್ಲಿ ‘ಜಾಸ್’ ಎಂಬ ಕಾದಂಬರಿ ಬರೆದ. ಮರುವರ್ಷ ಸ್ಪೀಲ್‌ಬರ್ಗ್ ಅದನ್ನು ಚಲನಚಿತ್ರವಾಗಿಸಿದ. ಸಮುದ್ರವನ್ನೇ ಕಾಣದವರೂ ಶಾರ್ಕಿಗೆ ಅಂಜಿದರು. ಅದನ್ನು ಹಿಡಿದು ಕೊಲ್ಲುವುದು ಹಲವರಿಗೆ ಪೌರುಷದ ಆಟವಾಯಿತು.

ಆ ಚಿತ್ರಕ್ಕಾಗಿ ನಿಜವಾದ ಶಾರ್ಕುಗಳನ್ನು ಚಿತ್ರೀಕರಿಸಿದ್ದು ದಕ್ಷಿಣ ಆಸ್ಟ್ರೇಲಿಯದ ಕಡಲಿನಲ್ಲಿ. ಅಲ್ಲಿ ನೆರವಾದವರಲ್ಲಿ ರಾಡ್ನಿ ಫಾಕ್ಸ್ ಒಬ್ಬ. 1963ರಲ್ಲಿ ಬಿಳಿ ಶಾರ್ಕೊಂದು ಅವನ ಮೈಯನ್ನು ಕಚ್ಚಿತ್ತು. 400ಕ್ಕೂ ಹೆಚ್ಚು ಹೊಲಿಗೆ ಹಾಕಿ ಅವನನ್ನು ಉಳಿಸಿದ್ದರು. ಹಗೆ ಸಾಧಿಸಲು ಅವನಿಗಿಂತ ಹೆಚ್ಚಿನ ಕಾರಣ ಯಾರಿಗಿದ್ದೀತು? ಅವನಾದರೋ ಮತ್ತೆ ಕಡಲಿಗಿಳಿದ, ಕಬ್ಬಿಣದ ಪಂಜರದೊಳಗೆ ನಿಂತು ಶಾರ್ಕುಗಳನ್ನು ನೋಡುವ ಏರ್ಪಾಡು ಮಾಡಿದ, ಅವುಗಳ ಉಳಿವಿಗಾಗಿ ವಾದಿಸಿದ. ಪಂಜರವು ಭಯದ ಗುರುತು. ಆದರೆ ಅದರಲ್ಲಿ ಹಗೆಯಿಲ್ಲ.

ಕಥೆಗಿಂತ ಘೋರವಾದ ಸಂಹಾರ ಬಲೆಗಳಲ್ಲಿ, ಗಾಳಗಳಲ್ಲಿ ನಡೆಯಿತು. ಸೂಪಿಗೆಂದು ರೆಕ್ಕೆಗಳನ್ನು ಕೊಯ್ದು ದೇಹವನ್ನು ನೀರಿಗೆಸೆಯುವ ಪದ್ಧತಿಯೂ ಬೆಳೆಯಿತು. ಬೂತಾಯಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಹೆಣ್ಣು ಬಿಳಿ ಶಾರ್ಕ್ ಪ್ರಾಯಕ್ಕೆ ಬರಲು ಸುಮಾರು 30 ವರ್ಷಗಳು ಬೇಕು, ಹಾಕುವ ಮರಿಗಳೋ ಬೆರಳೆಣಿಕೆಯಷ್ಟು. ಹಿಡಿಯುವ ವೇಗಕ್ಕೆ ಹುಟ್ಟುವ ವೇಗ ಸಮನಾಗದು. 1970ರಿಂದ ಸುಮಾರು ಐವತ್ತು ವರ್ಷಗಳಲ್ಲಿ ತೆರೆಗಡಲಿನ ಶಾರ್ಕು ಮತ್ತು ತೊರಕೆ ಮೀನುಗಳು ಶೇಕಡಾ 71ರಷ್ಟು ಕುಗ್ಗಿದವೆಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕವಿಟ್ಟರು. ಅತಿಯಾದ ಮೀನುಗಾರಿಕೆಯೇ ಅದರ ಮುಖ್ಯ ಕಾರಣ.

ಬಿಳಿ ಶಾರ್ಕಿಗೆ ಮೊದಲು ಕಾನೂನಿನ ರಕ್ಷಣೆ ಕೊಟ್ಟ ದೇಶ ದಕ್ಷಿಣ ಆಫ್ರಿಕ, 1991ರಲ್ಲಿ. ನಮ್ಮ ದೇಶವು 2015ರಲ್ಲಿ ಶಾರ್ಕಿನ ರೆಕ್ಕೆಗಳ ರಫ್ತನ್ನು ನಿಷೇಧಿಸಿತು. ಬೆಂಚ್ಲಿಯೂ ಪಶ್ಚಾತ್ತಾಪಪಟ್ಟ. 2006ರಲ್ಲಿ ತೀರಿಕೊಳ್ಳುವವರೆಗೆ ಕಡಲನ್ನೂ ಶಾರ್ಕುಗಳನ್ನೂ ಉಳಿಸಿರೆಂದು ಬರೆಯುತ್ತ, ಮಾತನಾಡುತ್ತ ಬಂದ. ಲೇಖಕನೊಬ್ಬ ತನ್ನ ಕೃತಿಯ ಋಣವನ್ನು ಹೀಗೆ ತೀರಿಸಲು ಹೊರಟದ್ದು ಸಾಹಿತ್ಯದ ಚರಿತ್ರೆಯಲ್ಲಿ ವಿರಳ.

ನಾನು ಬಯಲುಸೀಮೆಯವನು. ಸಮುದ್ರಸ್ನಾನಕ್ಕೆ ಹೋದಾಗ ಇಂದಿಗೂ ಮೊಣಕಾಲುದ್ದದ ನೀರನ್ನು ದಾಟುವುದಿಲ್ಲ, ಮೊಮ್ಮಕ್ಕಳು ನಗುತ್ತಾರೆ. ಶಾರ್ಕುಗಳು ಉಳಿಯಬೇಕೆನ್ನುವವನಿಗೆ ಈ ಅಂಜಿಕೆಯೇಕೆ ಎಂದು ಕೇಳುತ್ತಾರೆ. ಹುಲಿಗೆ ಅಂಜುವವನು ಕಾಡಿನ ಹೊರಗೆ ನಿಂತರೆ ಸಾಕು, ಕಾಡನ್ನು ಸುಡಬೇಕಾಗಿಲ್ಲ. ಕಡಲಿನ ವಿಷಯದಲ್ಲಿಯೂ ಅಷ್ಟೆ.