ರೋಗಾಣುವಿನ ಪರಿಚಯವಿರುವ ಇಲಿ: ಸ್ಟ್ಯಾಫಿಲೊಕಾಕಸ್ ಲಸಿಕೆ ಮತ್ತು ಪ್ರಾಣಿ ಮಾದರಿಯ ಪ್ರಶ್ನೆ

ಸ್ಟ್ಯಾಫಿಲೊಕಾಕಸ್ ಆರಿಯಸ್ ವಿರುದ್ಧದ ಲಸಿಕೆಗಳು ಇಲಿಗಳಲ್ಲಿ ಮತ್ತೆ ಮತ್ತೆ ಗೆದ್ದಿವೆ. ಮನುಷ್ಯರಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಸೋತಿವೆ. ಸಣ್ಣ ಕುರುವಿನಿಂದ ಹಿಡಿದು ಶಸ್ತ್ರಚಿಕಿತ್ಸೆಯ ನಂತರದ ರಕ್ತನಂಜಿನವರೆಗೆ ಹಲವು ಕಾಯಿಲೆಗಳಿಗೆ ಕಾರಣವಾದ ಈ ಬ್ಯಾಕ್ಟೀರಿಯಾ ಪ್ರತಿಜೈವಿಕಗಳಿಗೂ ಬಗ್ಗದಂತಾಗಿರುವಾಗ ಲಸಿಕೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸೋಲಿಗೆ ಇಲಿಗೂ ಮನುಷ್ಯನಿಗೂ ಇರುವ ದೇಹವ್ಯತ್ಯಾಸವನ್ನು ಮುಂದೊಡ್ಡುವುದು ವಾಡಿಕೆ. ಆ ವ್ಯತ್ಯಾಸಕ್ಕಿಂತಲೂ ಪ್ರಾಣಿಯ ಸೋಂಕಿನ ಪೂರ್ವಚರಿತ್ರೆ ಹೆಚ್ಚು ನಿರ್ಣಾಯಕ ಎಂಬುದು ಈ ಲೇಖನದ ವಾದ.

ಮರ್ಕ್ ಕಂಪನಿಯ ವಿ710 ಲಸಿಕೆಯನ್ನೇ ನೋಡೋಣ. ಅದರ ಪ್ರತಿಜನಕ ಐಎಸ್‌ಡಿಬಿ ಎಂಬ ಪ್ರೋಟೀನು. ಬ್ಯಾಕ್ಟೀರಿಯಾ ತನಗೆ ಬೇಕಾದ ಕಬ್ಬಿಣವನ್ನು ನಮ್ಮ ಹಿಮೋಗ್ಲೋಬಿನ್‌ನಿಂದ ಕಿತ್ತುಕೊಳ್ಳುವುದು ಇದರ ನೆರವಿನಿಂದ. ಲಸಿಕೆ ಇಲಿಗಳನ್ನು ಉಳಿಸಿತು, ರೀಸಸ್ ಕೋತಿಗಳಲ್ಲಿ ಪ್ರತಿಕಾಯಗಳನ್ನು ಹೆಚ್ಚಿಸಿತು. 2007ರಿಂದ 2011ರವರೆಗೆ ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದ ಸುಮಾರು 8,000 ರೋಗಿಗಳಲ್ಲಿ ಪ್ರಯೋಗ ನಡೆಯಿತು. ಪ್ರತಿಕಾಯಗಳೇನೋ ಏರಿದವು, ರಕ್ಷಣೆ ಮಾತ್ರ ಸಿಗಲಿಲ್ಲ. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕಳವಳ ಹುಟ್ಟಿಸುವ ಸಂಗತಿ ಇನ್ನೊಂದಿದೆ: ಸ್ಟ್ಯಾಫಿಲೊಕಾಕಸ್ ಸೋಂಕು ತಗುಲಿದವರಲ್ಲಿ ಲಸಿಕೆ ಪಡೆದವರ ಸಾವಿನ ದರ 100 ವ್ಯಕ್ತಿ-ವರ್ಷಗಳಿಗೆ 23.0, ಹುಸಿಮದ್ದು ಪಡೆದವರಲ್ಲಿ 4.2. ಲಸಿಕೆ ನಿಷ್ಫಲವಾಗುವುದು ಒಂದು ಮಾತು. ಲಸಿಕೆ ಪಡೆದವರೇ ಹೆಚ್ಚು ಸಾಯುವುದು ಬೇರೆಯೇ ಮಾತು. ಯಾವ ಇಲಿಯೂ ಇದರ ಸುಳಿವು ಕೊಟ್ಟಿರಲಿಲ್ಲ.

ದೇಹವ್ಯತ್ಯಾಸದ ವಾದವನ್ನು ತಳ್ಳಿಹಾಕುವಂತಿಲ್ಲ. ಐಎಸ್‌ಡಿಬಿ ಇಲಿಯ ಹಿಮೋಗ್ಲೋಬಿನ್‌ಗಿಂತ ಮನುಷ್ಯನದಕ್ಕೆ ಗಟ್ಟಿಯಾಗಿ ಅಂಟುತ್ತದೆ. ಬಿಳಿರಕ್ತಕಣಗಳನ್ನು ಒಡೆಯುವ ಕೆಲವು ವಿಷಗಳು ಇಲಿಯ ಕಣಗಳನ್ನು ಅಷ್ಟಾಗಿ ಬಾಧಿಸುವುದಿಲ್ಲ. ಹಾಗಾಗಿ ಇಲಿಯಲ್ಲಿ ಕಾಯಿಲೆ ಬರಿಸಲು ಭಾರೀ ಪ್ರಮಾಣದ ಬ್ಯಾಕ್ಟೀರಿಯಾ ಚುಚ್ಚಬೇಕಾಗುತ್ತದೆ.

ಆದರೆ 2022ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಪ್ರಕಟಿಸಿದ ಕೆಲಸ ಪ್ರಶ್ನೆಯನ್ನೇ ಬದಲಿಸಿತು. ಇಲಿ ಅದೇ, ಲಸಿಕೆಯೂ ಅದೇ. ಕೆಲವು ಇಲಿಗಳಿಗೆ ಮಾತ್ರ ಲಸಿಕೆಗೆ ಮೊದಲೇ ಸೋಂಕು ತಗುಲಿಸಲಾಗಿತ್ತು. ಅವುಗಳಲ್ಲಿ ಐಎಸ್‌ಡಿಬಿ ಲಸಿಕೆ ರಕ್ಷಣೆ ಕೊಡಲಿಲ್ಲ. ಹಳೆಯ ಸೋಂಕು ಉಳಿಸಿಹೋದ ನೆನಪು ಪ್ರೋಟೀನಿನ ನಿರುಪಯೋಗಿ ಭಾಗದತ್ತ ತಿರುಗಿತ್ತು; ಲಸಿಕೆ ಆ ನೆನಪನ್ನೇ ಕೆರಳಿಸಿತು. ಹೀಗೆ ಹುಟ್ಟಿದ ಪ್ರತಿಕಾಯಗಳ ಸಕ್ಕರೆಯ ಸರಪಳಿಗಳಲ್ಲಿ ಸಯಾಲಿಕ್ ಆಮ್ಲ ಹೆಚ್ಚಿದ್ದು, ಬಿಳಿರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗುವ ಕ್ರಿಯೆ ಕುಂದಿತು. ಅಷ್ಟೇ ಅಲ್ಲ, ಅವು ಉಪಯುಕ್ತ ಪ್ರತಿಕಾಯಗಳೊಡನೆ ಪೈಪೋಟಿಗಿಳಿದು ಅವುಗಳ ಕೆಲಸಕ್ಕೂ ಅಡ್ಡಿಯಾದವು. ಮನುಷ್ಯರಿಂದ ಬೇರ್ಪಡಿಸಿದ ಐಎಸ್‌ಡಿಬಿ ಪ್ರತಿಕಾಯಗಳೂ ಇದೇ ರೀತಿ ಅಡ್ಡಿ ಮಾಡಿದವು. ಅಂದರೆ ಸೋತದ್ದು ಇಲಿಯಲ್ಲ, ನಾವು ಆರಿಸಿಕೊಂಡ, ಮನುಷ್ಯರಿಗಿರುವ ಸೋಂಕಿನ ಪರಿಚಯವಿಲ್ಲದ ಶುಭ್ರವಾದ ಇಲಿ.

ಈ ದೃಷ್ಟಿಯಿಂದ ಹಸುವಿನ ಕೆಚ್ಚಲು ಬಾವು ಹೆಚ್ಚಿನ ಗಮನಕ್ಕೆ ಅರ್ಹ. ಅಲ್ಲಿ ಈ ಬ್ಯಾಕ್ಟೀರಿಯಾ ತಾನಾಗಿಯೇ ನೆಲೆಸುತ್ತದೆ, ಹಾಲು ಕರೆಯುವ ಕೈಗಳಿಂದಲೂ ಯಂತ್ರಗಳಿಂದಲೂ ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟುತ್ತದೆ, ಔಷಧಿ ಕೊಟ್ಟ ಮೇಲೂ ಮರುಕಳಿಸುತ್ತದೆ. ಕೊಟ್ಟಿಗೆಯ ಹಸುವಿಗೆ ಇಂಥ ರೋಗಾಣು ಹೊಸದಲ್ಲ.

ಆದ್ದರಿಂದ ಮನುಷ್ಯರ ಮೇಲಿನ ಪ್ರಯೋಗಕ್ಕೆ ಮುನ್ನ ಸೋಂಕು ಕಂಡ ಪ್ರಾಣಿಗಳಲ್ಲೂ ಪರೀಕ್ಷೆ ಕಡ್ಡಾಯವಾಗಬೇಕು. ಅಲ್ಲಿ ಸೋತ ಲಸಿಕೆ ಮುಂದೆ ಹೋಗಬಾರದು. ರೋಗಾಣುವಿನ ಭೇಟಿಗೆ ಮೊದಲೇ ಶಿಶುಗಳಿಗೆ ಲಸಿಕೆ ಹಾಕಿದರಾಯಿತು ಎನ್ನಬಹುದು. ಆದರೆ ಎಷ್ಟೋ ಮಕ್ಕಳ ಮೂಗಿಗೆ ಅದು ಹುಟ್ಟಿದ ಕೆಲವೇ ವಾರಗಳಲ್ಲಿ ಬಂದು ಸೇರುತ್ತದೆ. ತಾಯಿಯ ಪ್ರತಿಕಾಯಗಳೂ ಗರ್ಭದಲ್ಲೇ ಮಗುವಿಗೆ ದಾಟಿರುತ್ತವೆ. ಹೆಚ್ಚು ಭರವಸೆಯ ದಾರಿಯನ್ನು 2022ರ ಕೆಲಸವೇ ತೋರಿಸಿದೆ: ಇಡೀ ಪ್ರೋಟೀನಿನ ಬದಲು ಕಬ್ಬಿಣ ಹೊತ್ತ ಹೀಮ್ ಅಣುವನ್ನು ಹಿಡಿಯುವ ತುಣುಕನ್ನಷ್ಟೇ ಲಸಿಕೆಯಾಗಿ ಕೊಟ್ಟಾಗ, ಮೊದಲೇ ಸೋಂಕು ಕಂಡಿದ್ದ ಇಲಿಗಳಿಗೂ ರಕ್ಷಣೆ ದೊರೆಯಿತು.